ಹದಿಮೂರನೇ ನಂಬರಿನ ಬಲಗಾಲು

ಮೊದಲೇ ಹೇಳಿಬಿಡುತ್ತೇನೆ, ನನ್ನನ್ನು ಎಕ್ಕಡ ಎಂದು ಕರೆಯಬೇಡಿ. ಮಂಡ್ಯದಲ್ಲಿ ಕಾಲಿಗೆ ಹಾಕುವ ಎಲ್ಲದಕ್ಕೂ ಅದೇ ಹೆಸರು, ಯಾರನ್ನಾದರೂ ಬೈಯುವುದಕ್ಕೂ ಅದೇ ಹೆಸರು. ನಾನು ಬೂಟು. ಬ್ಯಾಸ್ಕೆಟ್‌ಬಾಲ್ ಆಡುವವರ ಬೂಟು, ಬಲಗಾಲಿನದು, ಹದಿಮೂರನೇ ನಂಬರು. ನನ್ನನ್ನು ನೋಡಿದವರು ಮೊದಲು ನಗುತ್ತಾರೆ, ಆಮೇಲೆ ಇದು ಮನುಷ್ಯರದೇ ಏನ್ರೀ ಎಂದು ಕೇಳುತ್ತಾರೆ. ನಗಲಿ ಬಿಡಿ. ನಾನು ಕಂಡದ್ದನ್ನು ಅವರು ಕಂಡಿದ್ದರೆ ಅಷ್ಟು ನಗುತ್ತಿರಲಿಲ್ಲ.

ನನ್ನ ಹುಟ್ಟು ದೊಡ್ಡ ಕಥೆಯೇನಲ್ಲ. ತಮಿಳುನಾಡಿನ ಕಡೆಯ ಒಂದು ಕಾರ್ಖಾನೆಯಲ್ಲಿ ಒಬ್ಬ ಹೆಂಗಸು ನನ್ನ ನಾಲಿಗೆ ಹೊಲಿದಳು, ಇನ್ನೊಬ್ಬಳು ಅಟ್ಟೆಗೆ ಅಂಟು ಬಳಿದಳು, ಮತ್ತೊಬ್ಬಳು ನನ್ನನ್ನು ಬಗ್ಗಿಸಿ, ಮಡಚಿ, ಮೇಜಿನ ಮೇಲೆ ಕುಟ್ಟಿ ನೋಡಿ ಡಬ್ಬಿಗೆ ಹಾಕಿದಳು. ಅಲ್ಲಿ ಎಡಗಾಲಿನ ನನ್ನ ಜೋಡಿಯ ಜೊತೆ ತಲೆಗೆ ಕಾಲು, ಕಾಲಿಗೆ ತಲೆ ಇಟ್ಟು ಮಲಗಿದೆ. ಓಡುವುದಕ್ಕೇ ನಮ್ಮನ್ನು ಮಾಡಿದ್ದಾರೆ ಎಂಬುದೊಂದು ನಮಗೆ ಗೊತ್ತಿತ್ತು. ನಾಲಿಗೆ ಇದ್ದರೂ ಮಾತು ಬರುವುದಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ನನ್ನನ್ನು ಮೊದಲು ಹಾಕಿಕೊಂಡವನು ಯತೀಶ್. ಸಕ್ಕರೆನಾಡು ಸ್ಟಾಲಿಯನ್ಸ್ ತಂಡದ ನಾಯಕ, ದೊಡ್ಡ ಆಟಗಾರ. ಆಟಗಾರರನ್ನು ಹರಾಜು ಹಾಕಿ ಕೊಳ್ಳುವ ಲೀಗ್ ಶುರುವಾದಾಗ ಮಂಡ್ಯದ ಪಾಲಿಗೆ ಬಂದ ತಂಡ ಅದು. ಸ್ಟಾಲಿಯನ್ಸ್ ಎಂದರೆ ಗಂಡುಕುದುರೆಗಳಂತೆ. ಊರಿನವರು ಗೆದ್ದ ದಿನ ‘ನಮ್ ಕುದ್ರೆಗಳು’ ಎನ್ನುತ್ತಿದ್ದರು, ಸೋತ ದಿನ ಕತ್ತೆಗಳು ಎನ್ನುತ್ತಿದ್ದರು. ವಾರದಲ್ಲಿ ಎರಡು ಸಲ ಜಾತಿ ಬದಲಾಗುತ್ತಿತ್ತು.

ಯತೀಶನ ಪಾದವನ್ನು ಬಲ್ಲಷ್ಟು ನಾನು ಬೇರೇನನ್ನೂ ಬಲ್ಲೆನೆಂದು ಹೇಳಲಾರೆ. ಅವನು ನೆಗೆದರೆ ಕೆಳಗೆ ಬರುವುದನ್ನೇ ಮರೆತವನ ಹಾಗೆ ಗಾಳಿಯಲ್ಲಿ ಇರುತ್ತಿದ್ದ. ಅವನ ಭಾರವೆಲ್ಲ ಮುಂಗಾಲಿಗೆ ಬಂದು ನಾನು ನೆಲವನ್ನು ಒದೆಯುವ ಆ ಗಳಿಗೆ ಇದೆಯಲ್ಲ, ಅದಕ್ಕಾಗಿ ನಾನು ಏನು ಬೇಕಾದರೂ ಸಹಿಸುತ್ತಿದ್ದೆ, ಅವನ ಕಾಲುಚೀಲದ ವಾಸನೆಯನ್ನೂ. ಅಂಥ ಆಟಗಾರ ಇದ್ದೂ ತಂಡ ಸೋಲುತ್ತಿತ್ತು. ಮೊದಲ ಸ್ಥಾನದಲ್ಲಿದ್ದವರನ್ನು ಮೂವತ್ತು ಪಾಯಿಂಟಿನಿಂದ ಬಡಿದು, ಅದೇ ವಾರ ಕೊನೆಯ ಸ್ಥಾನದವರ ಕೈಲಿ ಏಟು ತಿಂದು ಬರುತ್ತಿತ್ತು. ಕೋಚ್ ಸರಿಯಿಲ್ಲ ಎಂದರು ಕೆಲವರು. ಸ್ಟೇಡಿಯಮ್ಮಿನ ವಾಸ್ತು ಸರಿಯಿಲ್ಲ ಎಂದರು ಇನ್ನು ಕೆಲವರು. ಯತೀಶನಿಗೆ ಪಾಪ ಮಂಡಿ ನೋವಂತೆ ಎಂದರು ಅವನನ್ನು ತುಂಬಾ ಇಷ್ಟಪಡುವವರು.

ಮಂಡಿ ನೋವೂ ಇಲ್ಲ, ಮಣ್ಣೂ ಇಲ್ಲ. ಅವನ ಕಾಲಿನಲ್ಲಿ ಇದ್ದದ್ದು ನಾನು. ಗೆಲುವು ಕೈಗೆ ಬಂತು ಎಂದು ಅನ್ನಿಸಿದ ಕೂಡಲೇ ಅವನ ಹಿಮ್ಮಡಿ ನನ್ನೊಳಗೆ ಕೂತುಬಿಡುತ್ತಿತ್ತು. ಎದುರಾಳಿಗಳು ಚೆಂಡು ಹಿಡಿದು ಓಡುತ್ತಿದ್ದರೆ ಇವನು ಊಟವಾದ ಮೇಲೆ ಅಡ್ಡಾಡಲು ಹೊರಟವರ ಹಾಗೆ ನಡೆದು ಬರುತ್ತಿದ್ದ. ಸುಸ್ತಲ್ಲ, ನೋವಲ್ಲ. ಅವನಿಗೆ ಸಾಕು ಅನ್ನಿಸುತ್ತಿತ್ತು, ಅಷ್ಟೇ. ನಾಯಕನ ಹಿಮ್ಮಡಿ ಕೂತರೆ ಉಳಿದ ನಾಲ್ವರದೂ ಕೂರುತ್ತಿತ್ತು.

ಮೊದಲ ವರ್ಷ ಮಂಡ್ಯದಲ್ಲೇ ನಡೆದ ಒಂದು ಪಂದ್ಯದಲ್ಲಿ ಮಾತ್ರ ಅವನು ಕೊನೆಯ ಸೀಟಿಯವರೆಗೂ ಓಡಿದ. ಗೆದ್ದ ಖುಷಿಗೆ ಬೂಟು ಬಿಚ್ಚಿ ಜನರ ಕಡೆಗೆ ಎಸೆದ. ನನ್ನ ಜೋಡಿ ಆ ಬದಿಯ ಗ್ಯಾಲರಿಗೆ ಹೋಯಿತು, ಅದರ ಗತಿ ಏನಾಯಿತೋ ಇವತ್ತಿಗೂ ಗೊತ್ತಿಲ್ಲ. ನಾನು ಈ ಬದಿಗೆ ಬಂದು ಒಬ್ಬ ದಪ್ಪ ಮನುಷ್ಯನ ಎದೆಗೆ ಬಡಿದೆ. ಅವನು ಎರಡೂ ಕೈಯಲ್ಲಿ ನನ್ನನ್ನು ತಬ್ಬಿಕೊಂಡು ಅತ್ತುಬಿಟ್ಟ.

ಅವನೇ ಹೊಂಬಾಳೇಗೌಡ. ಸ್ಟೇಡಿಯಮ್ಮಿನ ಹಿಂದಿನ ರಸ್ತೆಯಲ್ಲಿ ಅವನದು ಮುದ್ದೆ ಊಟದ ಹೋಟೆಲು. ಒಲೆಯ ಮುಂದೆ ಅವನ ಅವ್ವ ಪುಟ್ಟತಾಯಮ್ಮ, ಗಲ್ಲಾದ ಹಿಂದೆ ಅವನು. ಗಲ್ಲಾದ ಮೇಲೆ ದೇವರ ಫೋಟೋ, ಅದರ ಪಕ್ಕದಲ್ಲಿ ಗಾಜಿನ ಪೆಟ್ಟಿಗೆ ಮಾಡಿಸಿ ನನ್ನನ್ನು ಕೂರಿಸಿದ. ಒಳಗೊಂದು ಸಣ್ಣ ಬಲ್ಬನ್ನೂ ಹಾಕಿಸಿದ.

"ಏನ್ಲಾ ಹೊಂಬಾಳ, ಯಾವನೋ ಕಾಲಿಂದ ಬಿಚ್ಚಿ ಎಸ್ದ ಎಕ್ಕಡವ ತಂದು ದೇವ್ರ ಪಕ್ಕ ಮಡಗಿದ್ದೀಯಲ್ಲ, ಉಣ್ಣಕ್ ಬರೋರು ಏನಂದಾರು?" ಎಂದಳು ಅವ್ವ.

"ಭರತ ರಾಮನ ಪಾದುಕೆ ಮಡಗ್ನಿಲ್ವೇನವ್ವ?"

"ರಾಮ ಬತ್ತೀನಿ ಅಂದೋನು ಬಂದ. ನಿನ್ ರಾಮ ಯಾವೋನ್ಲಾ?"

ಎಕ್ಕಡ ಎಂದದ್ದಕ್ಕೆ ನನಗೆ ಸಿಟ್ಟು ಬಂತು. ಆದರೆ ಅವಳ ಪ್ರಶ್ನೆಗೆ ಉತ್ತರ ಆ ಹೋಟೆಲಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಗೊತ್ತಿದ್ದು ಏನು ಬಂತು.

ಆ ವರ್ಷ ಸೆಮಿಫೈನಲ್ಲಿನಲ್ಲಿ ನಮ್ಮವರು ಹದಿನೈದು ಪಾಯಿಂಟು ಮುಂದಿದ್ದು ಸೋತರು. ಮಾರನೆಯ ದಿನ ಮಧ್ಯಾಹ್ನ ದಿನವೂ ಊಟಕ್ಕೆ ಬರುವ ಆಟೋ ಡ್ರೈವರ್ ಮರಿಸಿದ್ದ, ಮುದ್ದೆ ಮುರಿಯುತ್ತಾ ಹೊಂಬಾಳೇಗೌಡನನ್ನು ಕೆಣಕಿದ.

"ನಿಮ್ ಕುದ್ರೆಗೆ ಕೊಂಬು ಬಂದಾಗ ಕಪ್ಪೂ ಬತ್ತದೆ ಬುಡಣ್ಣ."

ಇಡೀ ಹೋಟೆಲು ನಕ್ಕಿತು. ಹೊಂಬಾಳೇಗೌಡ ಗಲ್ಲಾದಿಂದ ಎದ್ದು ಬಂದು, ಕಾಲಿನ ಚಪ್ಪಲಿ ಎರಡನ್ನೂ ತೆಗೆದು ಬೀದಿಗೆ ಎಸೆದ. "ಕೇಳ್ಕಳ್ರಪ್ಪ ಎಲ್ರೂವೆ. ಮನೆದೇವ್ರಾಣೆಗೂ ಯೋಳ್ತೀನಿ, ನಮ್ಮೋರು ಕಪ್ ಗೆಲ್ಲೋಗಂಟ ನನ್ ಕಾಲ್ಗೆ ಮೆಟ್ಟಾಕಲ್ಲ."

ಮರಿಸಿದ್ದ ನಗುವುದನ್ನು ನಿಲ್ಲಿಸಿದ. ಮನೆದೇವರ ಆಣೆ ಹಾಕಿದ ಮೇಲೆ ಅಲ್ಲಿ ಯಾರೂ ನಗುವುದಿಲ್ಲ. ಒಲೆಯ ಮುಂದಿದ್ದ ಅವ್ವ ಮಾತ್ರ ತಲೆ ಚಚ್ಚಿಕೊಂಡಳು. ಹೊಂಬಾಳೇಗೌಡನಿಗೆ ಸಕ್ಕರೆ ಕಾಯಿಲೆ ಇದ್ದದ್ದು ಅವಳಿಗೆ ನೆನಪಿತ್ತು, ಅವನಿಗೆ ನೆನಪಿರಲಿಲ್ಲ.

ಹೀಗೆ ನಮ್ಮ ಸಂಸಾರ ನಡೆಯಿತು. ಓಡಲು ಹುಟ್ಟಿದ ನಾನು ಬಲ್ಬಿನ ಬೆಳಕಿನಲ್ಲಿ ಸುಮ್ಮನೆ ಕೂತೆ, ದಿನವಿಡೀ ನಡೆಯಬೇಕಾದವನು ಬರಿಗಾಲಿನಲ್ಲಿ ನಡೆದ. ಮೇಲಿನಿಂದ ನನಗೆ ಅವನ ಪಾದಗಳು ಚೆನ್ನಾಗಿ ಕಾಣುತ್ತಿದ್ದವು. ಹಿಮ್ಮಡಿ ಒಡೆಯಿತು. ಅಂಗಾಲು ಒಲೆಯ ಮಸಿ ಹಿಡಿದು ಕಪ್ಪಾಯಿತು. ಎರಡನೆಯ ವರ್ಷವೂ ತಂಡ ಎಲ್ಲರ ಬಾಯಲ್ಲಿ ನೀರೂರಿಸಿ, ಕೊನೆಗೆ ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿತು. ಆಗಲೂ ಹೊಂಬಾಳೇಗೌಡ ಯತೀಶನ ಮಂಡಿ ನೋವಿನ ಕಥೆಯನ್ನೇ ಊರಿಗೆಲ್ಲ ಹೇಳಿದ. ನಾನು ಗಾಜಿನೊಳಗೆ ಕುದ್ದೆ.

ಮೂರನೆಯ ವರ್ಷದ ಆಟ ಶುರುವಾಗುವ ಮೊದಲು ತಂಡದವರು ಒಂದು ಮಧ್ಯಾಹ್ನ ನಾಟಿಕೋಳಿ ಸಾರು ಉಣ್ಣಲು ನಮ್ಮ ಹೋಟೆಲಿಗೇ ಬಂದರು. ಯತೀಶ್ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದ. ನನ್ನ ಲೇಸೆಲ್ಲ ಬಿಗಿದ ಹಾಗಾಯಿತು. ಅವನು ಗಾಜಿನ ಪೆಟ್ಟಿಗೆಯನ್ನು ನೋಡಿ ನಕ್ಕ.

"ಇದ್ಯಾರ್ದು ಗುರು, ಇಷ್ಟ್ ದೊಡ್ಡ ಶೂ?"

"ನಿಮ್ದೇ ಸಾ," ಎಂದ ಹೊಂಬಾಳೇಗೌಡ.

ಅಷ್ಟೊಂದು ಪಂದ್ಯಗಳಲ್ಲಿ ಅವನನ್ನು ಹೊತ್ತಿದ್ದೆ. ಅವನ ಕಿರುಬೆರಳಿನ ಆಣಿ ಎಲ್ಲಿ ಒತ್ತುತ್ತದೆ ಎಂದು ಇವತ್ತಿಗೂ ನನ್ನ ಮೈಮೇಲೆ ಗುರುತಿದೆ. ಅವನಿಗೆ ನನ್ನ ಗುರುತು ಹತ್ತಲಿಲ್ಲ. ಆದರೆ ಹೊಂಬಾಳೇಗೌಡನ ಮುಖ ಒಂದಿಷ್ಟೂ ಬಾಡಲಿಲ್ಲ. ಮರಿಸಿದ್ದ ಮುಂದೆ ಬಂದು ಆಣೆಯ ವಿಷಯವನ್ನೆಲ್ಲ ಹೇಳಿದಾಗ ಯತೀಶ್ ಬಗ್ಗಿ ಆ ಬರಿಗಾಲುಗಳನ್ನು ನೋಡಿದ.

"ಅಯ್ಯೋ ಅಣ್ಣ, ನಿಮ್ ಸೈಜ್ ಎಷ್ಟು?"

"ಎಂಟು ಸಾ."

"ಈ ವರ್ಷ ಕಪ್ ತರ್ತೀನಿ. ಜೊತೆಗೆ ಎಂಟನೇ ನಂಬರ್ ಚಪ್ಪಲಿನೂ ನಾನೇ ತಂದು ನಿಮ್ ಕಾಲಿಗ್ ಹಾಕ್ತೀನಿ. ಮಾತು ಅಂದ್ರೆ ಮಾತು."

ಹೊಂಬಾಳೇಗೌಡ ಅವರ ಊಟದ ದುಡ್ಡು ಮುಟ್ಟಲಿಲ್ಲ. ಯತೀಶ್ ಎರಡು ಸಲ ಸಾರು ಹಾಕಿಸಿಕೊಂಡು, ಮನೆಗೆಂದು ಒಂದು ಡಬ್ಬಿಯನ್ನೂ ಕಟ್ಟಿಸಿಕೊಂಡು ಹೋದ.

ಆ ವರ್ಷ ಅವರು ಆಡಿದ ಆಟವನ್ನು ನೋಡಿದ್ದರೆ ನೀವೂ ನಂಬುತ್ತಿದ್ದಿರಿ. ಸಾಲಾಗಿ ಗೆದ್ದರು. ಹೋಟೆಲಿನ ಟಿವಿಯಲ್ಲಿ ಯತೀಶನ ಓಟ ನೋಡಿ ನಾನೇ ಮೋಸಹೋದೆ, ಇವನು ಬದಲಾದ ಎಂದುಕೊಂಡೆ. ಅದೇ ಹೊತ್ತಿಗೆ ಒಂದು ಬೆಳಗ್ಗೆ ಒಲೆಯಿಂದ ಸಿಡಿದ ಕೆಂಡವೊಂದನ್ನು ಹೊಂಬಾಳೇಗೌಡ ಬಲಗಾಲಿನಲ್ಲಿ ತುಳಿದ. ತುಳಿದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಅದರ ಮೇಲೆಯೇ ನಿಂತು ಯಾರಿಗೋ ಚಿಲ್ಲರೆ ಎಣಿಸಿ ಕೊಟ್ಟ. ಸುಟ್ಟ ವಾಸನೆ ಬಂದು ಅವ್ವ ಓಡಿ ಬಂದಳು. ಸಕ್ಕರೆ ಕಾಯಿಲೆ ಅವನ ಪಾದದ ನೋವನ್ನೇ ತಿಂದುಹಾಕಿತ್ತು.

ಗಾಯ ಮಾಯಲಿಲ್ಲ. ಹೆಬ್ಬೆರಳು ಊದಿತು, ಬಣ್ಣ ತಿರುಗಿತು. ಅವ್ವ ಅವನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಿ ಬಂದು, ಬಟ್ಟೆ ಸುತ್ತಿದ ಆ ಕಾಲನ್ನು ಮರಿಸಿದ್ದನಿಗೆ ತೋರಿಸಿದಳು.

"ನೀನಾರ ಒಸಿ ಯೋಳ್ಲಾ. ಬರಿಗಾಲಲ್ಲಿ ಹಿಂಗೇ ತಿರುಗುದ್ರೆ ಬೆರಳು ಹೋಯ್ತದೆ, ಆಮೇಕೆ ಪಾದವೇ ಹೋಯ್ತದೆ ಅಂದವ್ರೆ ಡಾಕ್ಟ್ರು. ಬಂದು ಅಡ್ಮಿಟ್ ಆಗು ಅಂದ್ರೆ ಒಲ್ಲೆ ಅಂತಾನೆ."

ಮರಿಸಿದ್ದನ ಮುಖ ಇಷ್ಟೇ ಆಯಿತು. ಆಣೆ ಹಾಕಿಸಿದ್ದು ತನ್ನ ಮಾತೇ ಎಂದು ಅವನಿಗೆ ಗೊತ್ತಿತ್ತು. "ತೆಪ್ಪಾಯ್ತು ಅಂತ ದೇವ್ರಿಗ್ ಕೈ ಮುಗ್ದು ಹಾಕ್ಕಳಣ್ಣ," ಎಂದ.

"ಭಾನ್ವಾರ ಫೈನಲ್ ಅದೆ ಕಣ್ಲಾ. ಇನ್ನೆಷ್ಟ್ ದಿನ? ಗೆದ್ದೇಟ್ಗೆ ಹಾಕ್ಕತೀನಿ, ಗೆದ್ದೇಟ್ಗೆ ಆಸ್ಪತ್ರೆಗೂ ಬತ್ತೀನಿ. ಯತೀಶಪ್ಪನೇ ತಂದು ಹಾಕ್ತೀನಿ ಅಂದವ್ನಲ್ಲ."

ಹೀಗೆ ಒಬ್ಬ ಮನುಷ್ಯನ ಕಾಲು ಐದು ಜನ ಆಟಗಾರರ ಕಾಲಿನ ಮೇಲೆ ನಿಂತಿತು. ಅವರಿಗೆ ಅದರ ನೆನಪೂ ಇರಲಿಕ್ಕಿಲ್ಲ.

ಭಾನುವಾರ ಸಂಜೆ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಫೈನಲ್ ಬೆಂಗಳೂರಿನಲ್ಲಿತ್ತು. ಹೊಂಬಾಳೇಗೌಡ ಬೆಂಚಿನ ಮೇಲೆ ಕಾಲು ಚಾಚಿ ಟಿವಿಯ ಮುಂದೆ ಕೂತಿದ್ದ, ಮೈ ಜ್ವರದಿಂದ ಸುಡುತ್ತಿತ್ತು. ಮೂರನೇ ಕ್ವಾರ್ಟರ್ ಮುಗಿದಾಗ ನಮ್ಮವರು ಹದಿನೆಂಟು ಪಾಯಿಂಟು ಮುಂದಿದ್ದರು. ಜನ ಕುಣಿದರು. ಮರಿಸಿದ್ದ ಓಡಿಹೋಗಿ ಎಲ್ಲಿಂದಲೋ ಒಂದು ಜೊತೆ ಹೊಸ ಚಪ್ಪಲಿ ತಂದು, ಯತೀಶಪ್ಪ ಬರೋ ತನಕ ಇದಿರಲಿ ಎಂದು ಗಲ್ಲಾದ ಮೇಲೆ ಇಟ್ಟ.

ನಾನು ಯತೀಶನ ಕಾಲನ್ನೇ ನೋಡುತ್ತಿದ್ದೆ. ಅವನು ಒಂದು ಚೆಂಡು ಹಾಕಿ, ಜನರ ಕಡೆ ತಿರುಗಿ ಕೈ ಬೀಸಿದ. ವಾಪಸ್ ತಿರುಗಿದಾಗ ಹಿಮ್ಮಡಿ ನೆಲಕ್ಕೆ ಕೂತಿತು.

ಇಡೀ ಹೋಟೆಲು ಇನ್ನೂ ಕುಣಿಯುತ್ತಿತ್ತು. ಮುಗಿಯಿತು ಎಂದು ಗೊತ್ತಾದದ್ದು ನನಗೊಬ್ಬನಿಗೆ. ಓಡೋ, ಓಡೋ ಎಂದು ಗಾಜಿನೊಳಗೆ ಹಲುಬಿದೆ. ಎದುರು ತಂಡದಲ್ಲಿ ಒಬ್ಬ ಕುಳ್ಳ ಹುಡುಗನಿದ್ದ, ಹೇಳಿಕೊಳ್ಳುವಂಥ ಆಟಗಾರನೇನಲ್ಲ, ಓಡುವುದೊಂದು ಅವನಿಗೆ ಬರುತ್ತಿತ್ತು. ಅವನು ಓಡಿ ಓಡಿ ಹಾಕಿದ. ಯತೀಶ್ ಅವನ ಹಿಂದೆ ನಡೆದು ಬಂದ. ಹದಿನೆಂಟು ಹತ್ತಾಯಿತು, ಹತ್ತು ನಾಲ್ಕಾಯಿತು. ಆಗ ನಮ್ಮವರಿಗೆ ಎಚ್ಚರವಾಯಿತು, ಆದರೆ ಹಾಕಿದ ಚೆಂಡೆಲ್ಲ ಬುಟ್ಟಿಯ ಅಂಚಿಗೆ ಬಡಿದು ಆಚೆ ಬಿತ್ತು. ಒಂದೇ ಒಂದು ಪಾಯಿಂಟಿನಿಂದ ಸೋತರು.

ಟಿವಿಯವರು ಯತೀಶನ ಮುಂದೆ ಮೈಕು ಹಿಡಿದರು. "ಆಟ ಅಂದ್ಮೇಲೆ ಸೋಲು ಗೆಲುವು ಇದ್ದಿದ್ದೇ," ಎಂದ, ಹಣೆ ಒರೆಸಿಕೊಂಡು. "ಫ್ಯಾನ್ಸ್ ಯಾರೂ ಬೇಜಾರ್ ಮಾಡ್ಕೋಬಾರ್ದು."

ಆ ಗಳಿಗೆಯಲ್ಲಿ ನಾನು ಎಕ್ಕಡವಾಗಲೂ ತಯಾರಾಗಿದ್ದೆ. ಯಾರಾದರೂ ನನ್ನನ್ನು ಕೈಗೆ ತೆಗೆದುಕೊಂಡು ಆ ಮುಖಕ್ಕೆ ಬಾರಿಸಿದ್ದರೆ ನನ್ನ ಜನ್ಮ ಸಾರ್ಥಕವಾಗುತ್ತಿತ್ತು. ಯಾರೂ ಏಳಲಿಲ್ಲ. ಜನ ಒಬ್ಬೊಬ್ಬರೇ ಹೊರಗೆ ಹೋದರು. ಮರಿಸಿದ್ದ ಗಲ್ಲಾದ ಮೇಲಿನ ಹೊಸ ಚಪ್ಪಲಿಯನ್ನು ಪೇಪರಿನಲ್ಲಿ ಸುತ್ತಿ ಕಂಕುಳಿಗೆ ಇಟ್ಟುಕೊಂಡ.

ಹೊಂಬಾಳೇಗೌಡ ಬಟ್ಟೆ ಸುತ್ತಿದ ಕಾಲನ್ನು ಬೆಂಚಿನಿಂದ ಕೆಳಗಿಳಿಸಿದ. ಆಮೇಲೆ, "ಮುಂದಿನ್ ವರ್ಷ ಕಣವ್ವ," ಎಂದ. "ಮುಂದಿನ್ ವರ್ಷ ಗ್ಯಾರಂಟಿ."

ಅವ್ವ ಸ್ಟೂಲು ಎಳೆದು ಹತ್ತಿದಳು. ಗಾಜಿನ ಬಾಗಿಲು ತೆಗೆದು ನನ್ನನ್ನು ಕೆಳಗಿಳಿಸಿದಳು.

"ಅವ್ವ, ಆಣೆ ಅದೆ."

"ಮಾತ್ ಕೊಟ್ಟೋನು ಅವ್ನು, ತಪ್ದೋನೂ ಅವ್ನು. ಉಂಡೂ ಹೋದ, ಕೊಂಡೂ ಹೋದ. ನೀನೊಬ್ನೇ ಯಾಕ್ಲಾ ಮಾತ್ ಉಳಿಸ್ಕಂಡು ಸಾಯ್ತೀಯಾ? ದೇವ್ರು ಕೇಳುದ್ರೆ ನಾನ್ ಯೋಳ್ತೀನಿ. ಚಾಚು ಕಾಲ."

ಬಟ್ಟೆ ಸುತ್ತಿ ಊದಿದ ಆ ಕಾಲು ಆ ಹೊಸ ಚಪ್ಪಲಿಗೂ ಹೋಗುತ್ತಿರಲಿಲ್ಲ, ಇನ್ನು ಯಾವುದಕ್ಕೂ ಹೋಗುತ್ತಿರಲಿಲ್ಲ. ನನ್ನೊಳಗೆ ಹೋಯಿತು. ಎರಡು ವರ್ಷದ ಮೇಲೆ ನನ್ನೊಳಗೆ ಒಂದು ಕಾಲು ಬಂತು, ಅದೂ ಕಾದ ಹಂಚಿನಂತೆ ಸುಡುವ ಕಾಲು. ಮರಿಸಿದ್ದ ಆಟೋ ತಂದ. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ನನ್ನ ಅಟ್ಟೆ ಒಣಗಿದ ರೊಟ್ಟಿಯ ಹಾಗೆ ಪುಡಿಪುಡಿಯಾಗಿ ಉದುರಿತು. ಓಡುವ ಬೂಟನ್ನು ಓಡಿಸದೆ ಇಟ್ಟರೆ ಹಾಗೇ ಆಗುವುದು. ಪೂಜೆ ಮಾಡಿಸಿಕೊಂಡು ನಾನು ಕೆಟ್ಟೆ, ಪೂಜೆ ಮಾಡಿ ಅವನು ಕೆಟ್ಟ.

ಪಾದ ಉಳಿಯಿತು. ಹೆಬ್ಬೆರಳು ಉಳಿಯಲಿಲ್ಲ. ಚಪ್ಪಲಿಯ ಮಾತು ಕೊಟ್ಟವನು ಬರಲಿಲ್ಲ, ಅವನಿಗೆ ಯಾರೂ ಹೇಳಿಕಳಿಸಲೂ ಇಲ್ಲ.

ಈಗ ನನಗೆ ಟೈರಿನ ಅಟ್ಟೆ. ಬಸ್‌ಸ್ಟ್ಯಾಂಡಿನ ಬಳಿ ಚಪ್ಪಲಿ ಹೊಲಿಯುವವನ ಹತ್ತಿರ ಮರಿಸಿದ್ದನೇ ಹಾಕಿಸಿ ತಂದ. ಹೊಂಬಾಳೇಗೌಡನ ಎಡಗಾಲಿಗೆ ಫೈನಲ್ ದಿನ ಮರಿಸಿದ್ದ ತಂದಿದ್ದ ಎಂಟನೇ ನಂಬರಿನ ಚಪ್ಪಲಿ, ಬಲಗಾಲಿಗೆ ಹತ್ತಿ ತುಂಬಿದ ನಾನು. ಸಂಜೆ ಅವನು ಕಾಲು ತೊಳೆಯಲು ಹೋದಾಗ ಬಾಗಿಲ ಮೂಲೆಯಲ್ಲಿ, ಬಂದವರ ಎಕ್ಕಡಗಳ ನಡುವೆ ಇರುತ್ತೇನೆ. ಈಗ ಎಕ್ಕಡ ಎಂದರೂ ಬೇಸರವಿಲ್ಲ, ಅವೆಲ್ಲ ದಿನವೂ ನಡೆಯುವವು. ಗಾಜಿನ ಪೆಟ್ಟಿಗೆಯಲ್ಲಿ ಅವ್ವ ಉಪ್ಪಿನಕಾಯಿ ಭರಣಿ ಇಟ್ಟಿದ್ದಾಳೆ. ತಂಡದ ಪೋಸ್ಟರನ್ನು ಹೊಂಬಾಳೇಗೌಡ ತಾನೇ ಹರಿದುಹಾಕಿದ. ಟಿವಿಯಲ್ಲಿ ಈಗ ಧಾರಾವಾಹಿ ಮಾತ್ರ. ಆ ನನ್ಮಕ್ಕಳ ಸುದ್ದಿ ಇಲ್ಲಿ ಎತ್ತಬೇಡಿ ಎಂದು ಬಂದವರಿಗೆಲ್ಲ ಹೇಳುತ್ತಾನೆ. ನಾನೂ ಒಳಗೊಳಗೇ ಹೌದಪ್ಪ ಎಂದುಕೊಳ್ಳುತ್ತೇನೆ. ಮೋಸ ಹೋದವರು ನಾವಿಬ್ಬರೂ, ಇನ್ನು ಬುದ್ಧಿ ಬಂತು ಎಂದುಕೊಂಡಿದ್ದೆ.

ಮೊನ್ನೆ ಹೊಸ ವರ್ಷದ ಲೀಗ್ ಶುರುವಾಯಿತು. ಮರಿಸಿದ್ದ ಬೆಂಚಿನ ತುದಿಯಲ್ಲಿ ಕೂತು, ಮೊಬೈಲಿನ ದನಿ ಸಣ್ಣಗೆ ಮಾಡಿಕೊಂಡು ನೋಡುತ್ತಿದ್ದ. ಹೊಂಬಾಳೇಗೌಡ ಗಲ್ಲಾದ ಹಿಂದೆ ನಿಂತು ಗೋಡೆಯ ಕಡೆ ಮುಖ ಮಾಡಿದ್ದ.

"ಇಪ್ಪತ್ತು ಪಾಯಿಂಟು ಮುಂದವ್ರೆ ಕಣಣ್ಣ," ಎಂದ ಮರಿಸಿದ್ದ, ಯಾರಿಗೂ ಅಲ್ಲ ಎಂಬಂತೆ. "ಯತೀಶ ಏನ್ ಓಡ್ತಾವ್ನೆ ಅಂತೀಯ."

"ನಂಗ್ಯಾಕ್ ಯೋಳ್ತೀಯ? ಓಡಾದ್ರೂ ಓಡ್ಲಿ, ಬಿದ್ದಾದ್ರೂ ಸಾಯ್ಲಿ."

ಅವನು ತಿರುಗಿಯೂ ನೋಡಲಿಲ್ಲ. ಆದರೆ ಗಲ್ಲಾದ ಕೆಳಗೆ, ಯಾರ ಕಣ್ಣಿಗೂ ಬೀಳದ ಕಡೆ, ಅವನ ಹಿಮ್ಮಡಿ ನನ್ನೊಳಗೆ ಮೆಲ್ಲಗೆ ಮೇಲಕ್ಕೆದ್ದಿತು. ಬೇಡವೋ, ಕೂತುಕೋ ಎಂದು ಎಷ್ಟು ಹಲುಬಿದರೂ ಕೇಳಲಿಲ್ಲ. ಭಾರವೆಲ್ಲ ಮುಂದಕ್ಕೆ ಬಂದು ಹೆಬ್ಬೆರಳಿನ ಜಾಗದ ಮೇಲೆ ನಿಂತಿತು. ಅಲ್ಲಿ ಹತ್ತಿ ಬಿಟ್ಟರೆ ಏನೂ ಇರಲಿಲ್ಲ.