ನನ್ನನ್ನು ಬೋರಲು ಹಾಕಬೇಡಿ

ನಾನು ಮೂರು ಮೂಲೆಯ ಒಂದು ತಗಡು. ಡಬ್ಬ ಅನ್ನೋಣವೆಂದರೆ ಮುಚ್ಚಳವಿಲ್ಲ, ಕುರ್ಚಿ ಅನ್ನೋಣವೆಂದರೆ ಕೂರಲಾಗದು. ಮೈಸೂರಿನ ಒಂದು ವರ್ಕ್‌ಶಾಪಿನಲ್ಲಿ ಮೂರು ಅಲ್ಯೂಮಿನಿಯಂ ಹಾಳೆಗಳಿಗೆ ರಿವೆಟ್ ಹೊಡೆದು ನನ್ನನ್ನು ಮಾಡಿದರು. ಮಾಡಿದವನೇ ನನ್ನನ್ನು ನೋಡಿ ನಕ್ಕ. ನಗಲಿ. ನನಗೆ ಬರುವ ವಿದ್ಯೆ ಒಂದೇ: ಎದುರಿನಿಂದ ಬಂದದ್ದನ್ನು ಬಂದ ದಿಕ್ಕಿಗೇ ವಾಪಸ್ ಕಳಿಸುವುದು. ಅದೊಂದು ಬಂದರೆ ಈ ಲೋಕದಲ್ಲಿ ಬಾಳಬಹುದು.

ನನ್ನನ್ನು ಮಾಡಿಸಿದವನು ಇನಾಯತ್, ಜೌಗು ನೆಲಗಳ ಸಂಶೋಧಕ. ಗುಂಡ್ಲುಪೇಟೆ ದಾಟಿ ಘಟ್ಟ ಹತ್ತಿ, ಬೆಟ್ಟದ ಮೇಲಿನ ಹಡ್ಲಿನಲ್ಲಿ ಒಂದು ಸ್ಟ್ಯಾಂಡಿನ ಮೇಲೆ ತಂದು ಕೂರಿಸಿದ. ಹಡ್ಲು ಅಂದರೆ ಹುಲ್ಲು ಬೆಳೆದ ಜೌಗು. ಅಲ್ಲಿ ಸತ್ತ ಹುಲ್ಲು ಪೂರ್ತಿ ಕೊಳೆಯದೆ ಪದರ ಪದರವಾಗಿ ಕಪ್ಪು ಮಣ್ಣಾಗಿದೆ. ನೀರು ಕುಡಿದರೆ ಆ ನೆಲ ಉಬ್ಬುತ್ತದೆ, ಒಣಗಿದರೆ ಕುಸಿಯುತ್ತದೆ. ಮೇಲೆ ಹಾದುಹೋಗುವ ಉಪಗ್ರಹ ಮೋಡ ತೂರಿಕೊಂಡು ರೇಡಾರ್ ಅಲೆ ಬಿಡುತ್ತದೆ. ನಾನು ಅದನ್ನು ವಾಪಸ್ ಕಳಿಸುತ್ತೇನೆ. ನೆಲ ಏರಿತೋ ಇಳಿಯಿತೋ ಇನಾಯತ್‌ಗೆ ಅದರಿಂದ ತಿಳಿಯುತ್ತದೆ.

ಹಡ್ಲಿನ ಕೆಳಗೊಂದು ಕೇರಿ, ಕೇರಿಗೆ ಒಂದೇ ಒರತೆ. ಹಡ್ಲು ಹಿಡಿದಿಟ್ಟ ನೀರೇ ಬೇಸಿಗೆಯಲ್ಲಿ ಅಲ್ಲಿ ಜಿನುಗುವುದು. ಆ ಕೇರಿಯ ಚಿಕ್ಕತಾಯಮ್ಮ ಎಮ್ಮೆ ಮೇಯಿಸುತ್ತ ಬಂದವಳು ನನ್ನನ್ನು ಕಂಡಳು. ಸ್ಟ್ಯಾಂಡಿನಿಂದ ಬಿಚ್ಚಿ, ಸೆರಗಿನಿಂದ ಒರೆಸಿ, ನೆಲಕ್ಕೆ ಬೋರಲು ಹಾಕಿದಳು! ಆಕಾಶದಿಂದ ಕರೆ ಬಂದಾಗ ನನ್ನ ಬಾಯಿ ಕೆಸರಿನಲ್ಲಿತ್ತು. ಉರಿದುಹೋದೆ.

ನನ್ನ ಸುದ್ದಿಯೇ ಇಲ್ಲವೆಂದು ಇನಾಯತ್ ಓಡಿಬಂದ.

"ನೀರು ನಿಂತ್ಕಂಡ್ರೆ ಸೊಳ್ಳೆ ಆಯ್ತವೆ ಅಂತ ಬೋರ್ಲು ಮಡಗ್ದಿ ಕನ ಮೊಗ," ಅಂದಳು. "ತೊಳ್ದ ಪಾತ್ರೆಯ ಯಾರಾರೂ ಅಂಗಾತ ಬುಟ್ಟಾರಾ?"

"ಇದು ಪಾತ್ರೆ ಅಲ್ಲ ಅಮ್ಮ. ನೀರು ಇಳಿಯೋಕೆ ತಳದಲ್ಲಿ ತೂತಿದೆ, ನೋಡಿ. ಇದರ ಬಾಯಿ ಆಕಾಶಕ್ಕೇ ಇರಬೇಕು."

ಅವಳು ತೂತಿಗೆ ಬೆರಳು ತೂರಿಸಿ ನೋಡಿ ಒಪ್ಪಿದಳು. ಸ್ಟ್ಯಾಂಡಿನ ಕೊಕ್ಕೆಗಳಿಗೆ ನಾನು ಸಿಕ್ಕುವುದು ಒಂದೇ ಭಂಗಿಯಲ್ಲಿ. ಅದನ್ನೂ ಕಲಿತುಕೊಂಡಳು.

ಆಮೇಲೆ ಕ್ಯಾರೆಟ್ ತೋಟದವರು ಬಂದರು. ಜೌಗು ಒಣಗಿಸಿ ಕ್ಯಾರೆಟ್ ಹಾಕಲು ನಡುವೆ ಕಾಲುವೆ ತೋಡಿದರು. ನೀರು ಹರಿದುಹೋಯಿತು, ನೆಲ ಕುಸಿಯಿತು, ಜೊತೆಗೆ ನಾನೂ ಇಳಿದೆ. ಒರತೆಯಲ್ಲಿ ಕೊಡ ತುಂಬುವುದು ತಡವಾಯಿತು. ಇನಾಯತ್ ಕೊಟ್ಟ ದೂರಿನ ಮೇಲೆ ಅಧಿಕಾರಿಗಳು ನೋಡಲು ಬಂದಾಗ ತೋಟದ ಮ್ಯಾನೇಜರ್ ವರದರಾಜು, "ನೆಲ ಎಲ್ಲಿ ಕುಸಿದಿದೆ ಸಾರ್? ಈ ತಗಡೇ ತನ್ನ ಭಾರಕ್ಕೆ ಹೂತುಹೋಗಿದೆ," ಅಂದ.

ನನ್ನ ಭಾರ! ಎಮ್ಮೆ ಕರು ಮೂತಿ ತಾಗಿಸಿದರೆ ಅಲುಗಾಡುವವನು ನಾನು.

"ಹಾಗಿದ್ದರೆ ಒಂದು ಮಳೆಗಾಲ ಕಾಲುವೆ ಮುಚ್ಚಿ ನೋಡಿ," ಅಂದ ಇನಾಯತ್. "ಭಾರಕ್ಕೆ ಹೂತಿದ್ದು ತಾನಾಗಿ ಮೇಲೇಳೋದಿಲ್ಲ." ಅಧಿಕಾರಿಗಳು ಒಪ್ಪಿದರು. ನಾನು ಎದ್ದರೆ ಕಾಲುವೆ ಕಾಯಂ ಬಂದ್, ಏಳದಿದ್ದರೆ ಹಡ್ಲು ತೋಟದ ಪಾಲು.

ಮಳೆ ಹುಯ್ಯಿತು. ಹಡ್ಲು ಕುಡಿಯಿತು. ಕೆಳಗಿನಿಂದ ಯಾರೋ ಹೆಗಲು ಕೊಟ್ಟು ಎತ್ತಿದಂತೆ ನಾನು ಮೇಲೆ ಬಂದೆ. ಬಂದದ್ದನ್ನು ಹೇಳುವುದೊಂದು ಬಾಕಿ. ಕೊನೆಯ ಅಳತೆಗೆ ಉಪಗ್ರಹ ಬರುವ ದಿನ ಬೆಳಿಗ್ಗೆ ವರದರಾಜು ಒಬ್ಬನೇ ಬಂದು ನನ್ನನ್ನು ಕಿತ್ತು ಬೋರಲು ಹಾಕಿದ. ಬಂಡೆ ಬಳಸಿ ಎಮ್ಮೆಗಳು ಬಂದವು, ಹಿಂದೆಯೇ ಚಿಕ್ಕತಾಯಮ್ಮ.

"ನೀರು ನಿಂತಿತ್ತಮ್ಮ, ಸೊಳ್ಳೆ ಆಗ್ತವಲ್ಲ," ಅಂದ.

"ಆ ಕ್ಯಾಮೆ ನಾನೇ ಮೊದ್ಲು ಮಾಡಿ ಬುಟ್ಟೋಳು. ನಂಗೇ ಯೋಳಕ್ ಬಂದ್ಯಾ?" ಅಂದಳು. "ಅದ್ರ ತಳ್ದಲ್ಲಿ ತೂತದ. ದೂರ ನಿಂತ್ಕೊ."

ಕೊಕ್ಕೆಗೆ ಸಿಕ್ಕಿಸಿ, ಬಾಯೊಳಗಿನ ಕೆಸರು ಬಳಿದು, ಎಮ್ಮೆ ಹೊಡೆಯುವ ಕೋಲು ಹಿಡಿದು ಬಂಡೆಯ ಮೇಲೆ ಕೂತಳು. ವರದರಾಜು ಗೊಣಗುತ್ತ ಇಳಿದುಹೋದ. ಕರೆ ಬಂತು. ನಾನು ಬಂದಷ್ಟನ್ನೂ ವಾಪಸ್ ಕೊಟ್ಟೆ: ಎದ್ದಿದ್ದೇನೆ, ಎದ್ದಿದ್ದೇನೆ! ಅಧಿಕಾರಿಗಳು ಕಾಲುವೆಯನ್ನು ಮಣ್ಣು ತುಂಬಿ ಕಾಯಂ ಮುಚ್ಚಿಸಿದರು.

ಈಗ ನನಗೆ ವಯಸ್ಸಾಗಿದೆ. ಎಮ್ಮೆ ಕೊಂಬು ತಾಗಿ ಒಂದು ಅಂಚು ಮಡಿಚಿಕೊಂಡಿದೆ. ಹಡ್ಲಿನಲ್ಲಿ ಹೊಸಬನನ್ನು ಕೂರಿಸಿ ಇನಾಯತ್ ನನ್ನನ್ನು ಗುಜರಿಗೆ ಹಾಕಲು ಹೊರಟಾಗ ಚಿಕ್ಕತಾಯಮ್ಮ ಬಿಡಲಿಲ್ಲ, ಹೊತ್ತು ತಂದು ಅಂಗಳದಲ್ಲಿ ಇಟ್ಟಳು. ಒರತೆಯ ನೀರಲ್ಲಿ ತೊಳೆದ ಅವಳ ಪಾತ್ರೆಗಳೆಲ್ಲ ಬೋರಲು ಮಲಗುತ್ತವೆ. ನಾನೊಬ್ಬನೇ ಆಕಾಶಕ್ಕೆ ಬಾಯಿ ತೆರೆದು ಕೂತಿರುವವನು. ಯಾರೂ ಕೇಳದಿದ್ದರೂ ಮೇಲಿಂದ ಬಂದದ್ದಕ್ಕೆ ಈಗಲೂ ಉತ್ತರ ಕೊಡುತ್ತೇನೆ. ಬೋರಲು ಹಾಕುವವರು ಬರಲಿ, ಅವಳ ಕೋಲು ಬಾಗಿಲಲ್ಲೇ ಇದೆ.