ಅಣ್ಣನ ದನಿ ಇದ್ದ ಹಾಡು

ಹೋಟೆಲೊಂದರ ನೆಲಮಾಳಿಗೆಯಲ್ಲಿ ಹಾಸಿಗೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುವುದು ಅವಳ ಕೆಲಸ. ಮುಗಿಸಿ ಕೋಣೆಗೆ ಬಂದವಳೇ ಪರದೆ ಎಳೆದು ಸಿಂಥಸೈಸರ್ ಮುಂದೆ ಕೂತುಬಿಡುತ್ತಿದ್ದಳು. ಒಂದೇ ತಗ್ಗಿನ ಸ್ವರ, ಅದರಡಿ ಸಣ್ಣಗೆ ಬಡಿಯುವ ತಾಳ, ಅಷ್ಟೇ. ಹಾಡುವವರಿಲ್ಲ, ಜೊತೆಗೆ ನುಡಿಸುವವರಿಲ್ಲ. "ಇದೇನು ಹಾಡೋ, ಕೆಟ್ಟ ಫ್ರಿಜ್ಜೋ?" ಎಂದು ಅಣ್ಣ ರೇಗಿಸುತ್ತಿದ್ದ. ಅವಳನ್ನು ಜೀರುಂಡೆ ಎಂದು ಕರೆಯುತ್ತಿದ್ದವನೂ ಅವನೇ.

ಆ ಅಣ್ಣ ಲಿಫ್ಟ್ ರಿಪೇರಿ ಮಾಡುತ್ತಿದ್ದಾಗ ಕಾಲು ಜಾರಿ, ಲಿಫ್ಟಿನ ಗುಂಡಿಗೆ ಬಿದ್ದು ಸತ್ತ. ಅವಳು ಯಾರೆದುರೂ ಅಳಲಿಲ್ಲ. ಅವನು ಹಿಂದೊಮ್ಮೆ ಫೋನಿಗೆ ಕಳಿಸಿದ್ದ "ಜೀರುಂಡೆ, ಊಟಕ್ಕೆ ಬರ್ತೀಯೋ ಇಲ್ವೋ?" ಎಂಬ ಮಾತನ್ನು ಕಂಪ್ಯೂಟರಿಗೆ ಹಾಕಿ, ಎಳೆದು, ನಿಧಾನ ಮಾಡಿ, ಬಾವಿಯ ತಳದಿಂದ ಬಂದ ಹಾಗೆ ಮಾಡಿ, ಹೊಸ ಹಾಡಿಗೆ ಸೇರಿಸಿ ಇಂಟರ್ನೆಟ್ಟಿಗೆ ಹಾಕಿದಳು. ಯಾರೂ ಕೇಳದ ಅವಳ ಸಂಗೀತದಲ್ಲಿ ಅದೊಂದು ಹೇಗೋ ಹಬ್ಬಿತು.

ಒಂದು ಮಧ್ಯಾಹ್ನ ಅತ್ತಿಗೆ ಬಂದಳು. ಕೂರಿ ಎಂದರೂ ಕೂರಲಿಲ್ಲ.

"ಬಟ್ಟೆ ಅಂಗಡೀಲಿ ನಿನ್ನ ಹಾಡು ಹಾಕಿದ್ರು ಕಣೇ. ನನ್ನ ಗಂಡ ಊಟಕ್ಕೆ ಕರೀತಿದ್ದಾರೆ, ಜನ ತಲೆ ಆಡಿಸ್ಕೊಂಡು ಶರ್ಟ್ ಆರಿಸ್ತಿದ್ದಾರೆ. ನನ್ನ ಒಂದು ಮಾತು ಕೇಳ್ಬೇಕು ಅನಿಸ್ಲಿಲ್ವಾ ನಿಂಗೆ?"

"ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ ಅತ್ತಿಗೆ. ಅಷ್ಟು ಬದಲಾಯಿಸಿದ್ದೆ."

"ಅವರ ದನಿ ನಂಗೂ ಗೊತ್ತಾಗಲ್ವಾ?"

ಜೀರುಂಡೆ ಅತ್ತಿಗೆಯ ಕಣ್ಣೆದುರೇ ಹಾಡನ್ನು ತಾನು ಹಾಕಿದ್ದ ಕಡೆಯಿಂದೆಲ್ಲ ತೆಗೆದಳು. ಅತ್ತಿಗೆಯ ಸಿಟ್ಟು ಇಳಿಯಿತು. ಮಂಚದ ಅಂಚಿಗೆ ಕುಸಿದು ಕೂತಳು.

"ನನ್ನ ಹತ್ರ ಅವರ ಮಾತು ಒಂದೂ ಇಲ್ಲ. ಒಂದೇ ಮನೇಲಿ ಇರೋರು ಫೋನಲ್ಲಿ ಏನಂತ ಕಳಿಸ್ತಾರೆ? ಆ ಮೊದಲಿಂದು ಇದ್ಯಲ್ಲ, ಬರೀ ಮಾತು, ಅದನ್ನ ಕೊಡು."

ಜೀರುಂಡೆಯ ಹಳೆಯ ಫೋನು ಕೆಟ್ಟು ಮೂಲೆ ಸೇರಿತ್ತು. ಕಂಪ್ಯೂಟರಿನಲ್ಲೋ, ಮೂಲದ ಮೇಲೆಯೇ ಕೈಯಾಡಿಸಿಬಿಟ್ಟಿದ್ದಳು. ಉಳಿದದ್ದು ಎಳೆದು ಹಿಂಜಿದ ಆ ದನಿ ಮಾತ್ರ. ವೇಗ ಹೆಚ್ಚಿಸಿದಳು, ಪ್ರತಿಧ್ವನಿ ಕಳೆದಳು, ತಿದ್ದಿದ್ದನ್ನೇ ಮತ್ತೆ ತಿದ್ದಿದಳು. ಕೊನೆಗೆ ಮಾತೇನೋ ಸ್ಪಷ್ಟವಾಯಿತು. ತಗಡಿನ ಡಬ್ಬಿಯೊಳಗಿಂದ ಇನ್ಯಾರೋ ಮಾತಾಡಿದ ಹಾಗಿತ್ತು.

"ಇದು ಅವರಲ್ಲ," ಎಂದಳು ಅತ್ತಿಗೆ.

"ಇಷ್ಟೇ ಉಳಿದಿರೋದು ಅತ್ತಿಗೆ. ನಾನೇ ಹಾಳು ಮಾಡಿದೆ."

ಅತ್ತಿಗೆ ಇನ್ನೊಮ್ಮೆ ಹಾಕಿಸಿದಳು. ಮತ್ತೂ ಒಮ್ಮೆ.

"ಜ್ವರ ಬಂದಾಗ ಸ್ವಲ್ಪ ಹೀಗೇ ಮಾತಾಡ್ತಿದ್ರು," ಎನ್ನುತ್ತ ತನ್ನ ಫೋನು ಚಾಚಿದಳು. "ಇದನ್ನೇ ಹಾಕ್ಕೊಡು. ಆದ್ರೆ ನಿನ್ನ ಹೆಸರು ತೆಗೆದುಬಿಡು. ಊಟಕ್ಕೆ ಕರೆದಿದ್ದು ಅಷ್ಟೇ ಇರಲಿ."

ಜೀರುಂಡೆ ತನ್ನ ಹೆಸರನ್ನು ತಾನೇ ಕತ್ತರಿಸಿ ಕೊಟ್ಟಳು.

ಅತ್ತಿಗೆ ಆಮೇಲೆ ಆ ಕಡೆ ಸುಳಿಯಲಿಲ್ಲ. ಜೀರುಂಡೆ ನುಡಿಸುವುದನ್ನು ಬಿಡಲಿಲ್ಲ; ಆ ಹಾಡು ಕೇಳಿದ್ದವರು ಅವಳನ್ನು ಅಲ್ಲಲ್ಲಿ ನುಡಿಸಲು ಕರೆಯುತ್ತಿದ್ದರು. ಕೇಳಲು ಬಂದವರು ಆ ಹಾಡೇ ಬೇಕೆಂದು ಕೂಗಿದರೆ ಮಾತ್ರ, ಕೇಳಿಸದವಳಂತೆ ತಲೆ ತಗ್ಗಿಸಿ ತಾಳವನ್ನು ಇನ್ನಷ್ಟು ಜೋರು ಮಾಡುತ್ತಿದ್ದಳು.