ಏರ್‌ಬ್ಯಾಗಿನ ಗಿಳಿ

ಕಬ್ಬಿಣಕ್ಕೂ ಕಿವಿಯಿದ್ದ ಕಾಲದಲ್ಲಿ ಒಬ್ಬ ರಾಕ್ಷಸನಿದ್ದನಂತೆ. ತಲೆ ಕಡಿದರೂ ಸಾಯುತ್ತಿರಲಿಲ್ಲ. ಅವನ ಜೀವ ಬೇರೆಲ್ಲೋ ಒಂದು ಗಿಳಿಯ ಹೊಟ್ಟೆಯಲ್ಲಿತ್ತು. ಅಂಥವನೇ ಒಬ್ಬ, ಅಪ್ಪನ ಹಳೇ ಕಾರಿನ ಸ್ಟೀರಿಂಗ್‌ನೊಳಗೆ ಮಡಚಿಕೊಂಡು ಮಲಗಿದ್ದ. ಅವನ ಹೆಸರು ಏರ್‌ಬ್ಯಾಗ್, ಡಿಕ್ಕಿಯಾದರೆ ಸಿಡಿದು ಉಬ್ಬುವ ಚೀಲ.

ಅಪ್ಪ ತೀರಿಕೊಂಡ ಮೇಲೆ ಕಾರಿನ ಹಾರ್ನ್ ಕೂಡ ಮೂಕವಾಗಿತ್ತು. ಅದನ್ನು ಮತ್ತೆ ಕೂಗಿಸಿಕೊಡುತ್ತೇನೆಂದು ಅಮ್ಮನಿಗೆ ಮಾತು ಕೊಟ್ಟವಳು ಅತ್ತಿಗೆ, ಗ್ಯಾರೇಜಿನ ಒಡತಿ. ಟಾರ್ಚ್ ಹಿಡಿದು ನಿಂತವಳು ನಾದಿನಿ, ಅಪ್ಪನ ಮಗಳು.

ಹಾರ್ನಿನ ತಂತಿ ಏರ್‌ಬ್ಯಾಗಿನ ಹಿಂದಿದ್ದರಿಂದ ಮೊದಲು ಅದನ್ನೇ ಕಳಚಬೇಕಿತ್ತು. ಅತ್ತಿಗೆ ಕೀ ತೆಗೆದು ಜೇಬಿಗಿಳಿಸಿದಳು. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ಬಟ್ಟೆ ಸುತ್ತಿ ದೂರ ಸರಿಸಿದಳು.

"ಈಗ ಏರ್‌ಬ್ಯಾಗ್ ಬಿಚ್ಚೋಣ್ವಾ?" ಎಂದಳು ನಾದಿನಿ.

"ತಾಳಿದವನು ಬಾಳಿಯಾನು ಕಣೇ. ಕರೆಂಟ್ ಹೋದ್ರೂ ಇದು ಒಂದಿಷ್ಟು ಹೊತ್ತು ಜೀವ ಹಿಡ್ಕೊಂಡಿರತ್ತೆ. ಈಗ್ಲೇ ಕೈ ಹಾಕಿದ್ರೆ ನನ್ನ ಮೂಗನ್ನ ಹಿಂದಿನ ಸೀಟಲ್ಲಿ ಹುಡುಕ್ಬೇಕು."

"ನಿಮ್ಮ ಬಾಯೊಂದು ಉಳಿದ್ರೆ ಸಾಕು, ಅಣ್ಣ ಗುರುತು ಹಿಡೀತಾನೆ ಬಿಡಿ."

ಇಬ್ಬರೂ ನಕ್ಕರು. ಶೆಡ್ಡು ನಗಲಿಲ್ಲ. ತಗಡಿನ ಮಾಡು ಬಿಸಿಲಿಗೆ ಟಕ್ಕೆಂದಾಗಲೆಲ್ಲ ನಾದಿನಿಯ ಟಾರ್ಚ್ ಸ್ಟೀರಿಂಗ್‌ನತ್ತ ತಿರುಗುತ್ತಿತ್ತು.

ಕಾದದ್ದಾಯಿತು. ಅತ್ತಿಗೆ ಸೀಟಿನಲ್ಲಿ ಕೂತು, ಹಿಂಬದಿಯ ಬೋಲ್ಟನ್ನು ತಡಕುತ್ತ ಕೆನ್ನೆಯನ್ನು ಸ್ಟೀರಿಂಗ್‌ಗೆ ಆನಿಸಿದಳು. ಡ್ಯಾಶ್‌ಬೋರ್ಡಿಗೆ ಹೊದಿಸಿದ್ದ ಬಟ್ಟೆ ಜಾರಿತು. ರೇಡಿಯೋದ ಗಡಿಯಾರ ಹಸಿರಾಗಿ ಉರಿಯುತ್ತಿತ್ತು.

ಅದು ನಾದಿನಿಯದೇ ಕೆಲಸ. ಬ್ಯಾಟರಿ ಬಿಚ್ಚಿದರೆ ಅಪ್ಪ ಹುಡುಕಿಟ್ಟ ಸ್ಟೇಷನ್‌ಗಳನ್ನು ರೇಡಿಯೋ ಮರೆತುಬಿಡುತ್ತದೆಂದು, ಬೆಳಿಗ್ಗೆ ಯಾರಿಗೂ ಹೇಳದೆ, ಡ್ಯಾಶ್‌ಬೋರ್ಡ್ ಅಡಿಯ ಸಾಕೆಟ್‌ಗೆ ಪುಟ್ಟ ಬ್ಯಾಟರಿಯೊಂದನ್ನು ಸಿಕ್ಕಿಸಿ ಸೀಟಿನಡಿ ಅಡಗಿಸಿದ್ದಳು. ಗಡಿಯಾರ ಸತ್ತಿಲ್ಲವೆಂದರೆ ಒಳಗೆ ಮಲಗಿದವನೂ ಸತ್ತಿಲ್ಲ. ಸೀಟಿನಡಿ ಅವನ ಗಿಳಿಯನ್ನು ಸಾಕಿದವಳು ತಾನೇ.

"ಅತ್ತಿಗೆ, ಕೈ ತೆಗೀರಿ. ಮೆಲ್ಲಗೆ. ಮುಖ ಹಿಂದಕ್ಕೆ."

ಆ ದನಿಗೆ ಅತ್ತಿಗೆ ಕಾರಣ ಕೇಳದೆ ಇಳಿದಳು. ನಾದಿನಿ ಬಗ್ಗಿ ತಂತಿ ಕಿತ್ತಳು. ಗಡಿಯಾರ ಆರಿತು. ಅಪ್ಪನ ಸ್ಟೇಷನ್‌ಗಳೂ.

ಅತ್ತಿಗೆ ಆ ಪುಟ್ಟ ಬ್ಯಾಟರಿಯನ್ನು ಸೀಟಿನಡಿಯಿಂದ ಹೊರಗೆಳೆದಳು. "ಹೇಳಿದ್ದಿದ್ರೆ ಸ್ಟೇಷನ್‌ನೆಲ್ಲ ಬರ್ಕೋತಿದ್ವಲ್ಲೇ," ಎಂದಳು. ಆಮೇಲೆ, "ಕೂತ್ಕೋ. ಮತ್ತೆ ಮೊದಲಿಂದ ಕಾಯೋಣ."

ಈ ಸಲ ಯಾರೂ ನಗಲಿಲ್ಲ. ಕಾದು, ಬೋಲ್ಟ್ ಬಿಚ್ಚಿ, ಏರ್‌ಬ್ಯಾಗಿನ ತಂತಿಯ ಹಳದಿ ಕನೆಕ್ಟರ್ ಬಿಡಿಸಿ, ಅತ್ತಿಗೆ ಅದನ್ನು ಮೈಯಿಂದ ದೂರ ಹಿಡಿದು ಒಯ್ದು, ಮುಖ ಮೇಲಾಗಿ ಬೆಂಚಿನ ಮೇಲೆ ಮಲಗಿಸಿದಳು. ಅದಕ್ಕೆ ಬೆನ್ನು ತೋರಿಸಲು ನಾದಿನಿಗೆ ಧೈರ್ಯ ಬರಲಿಲ್ಲ. ಸ್ಟೀರಿಂಗ್‌ನೊಳಗೆ ತುಂಡಾಗಿ ಹಾರ್ನನ್ನು ಮೂಕವಾಗಿಸಿದ್ದ ತಂತಿಸುರುಳಿ ಹೋಗಿ ಹೊಸದು ಬಂತು. ಎಲ್ಲವೂ ಸ್ವಸ್ಥಾನ ಸೇರಿದ ಮೇಲೆ ರೇಡಿಯೋ ಬರೀ ಗೊರಗೊರ ಎಂದಿತು.

"ನೀನೇ ಒತ್ತು," ಎಂದಳು ಅತ್ತಿಗೆ.

ನಾದಿನಿ ಮುಖವನ್ನು ಆದಷ್ಟು ಹಿಂದಿಟ್ಟು, ಕಣ್ಣು ಮುಚ್ಚಿ ಒತ್ತಿದಳು. ಹಾರ್ನ್ ಕೂಗಿತು.